ಕಾಣೆಯಾದ ಮುಕ್ಕಾಲು ಲೀಟರ್: ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪ್ರಕರಣ

ಗಾಡಿ ನಮ್ಮ ಶೆಡ್ಡಿಗೆ ಬಂದಾಗ ಅದರ ಜೊತೆಗೇ ಮೂರು ತೀರ್ಪುಗಳೂ ಬಂದವು. ಒಬ್ಬ ಮೆಕ್ಯಾನಿಕ್ ‘ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು’ ಎಂದಿದ್ದರು. ಇನ್ನೊಬ್ಬರು ‘ಮಷೀನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿಬಿಡಿ, ಸರಿಹೋಗುತ್ತೆ’ ಎಂದಿದ್ದರು. ಯಜಮಾನರ ಸ್ನೇಹಿತರೊಬ್ಬರದು ಮೂರನೆಯ ಮಾತು: ‘ಲಕ್ಷ ಕಿಲೋಮೀಟರ್ ದಾಟಿದ ಆಟೋಮ್ಯಾಟಿಕ್‌ನ ಎಣ್ಣೆ ಮುಟ್ಟಲೇಬಾರದು, ಮುಟ್ಟಿದರೆ ಬಾಕ್ಸ್ ಕೂತುಬಿಡುತ್ತೆ.’ ಮೂವರಲ್ಲಿ ಯಾರೂ ಒಳಗೆ ಎಣ್ಣೆ ಎಷ್ಟಿದೆ ಎಂದು ಸರಿಯಾಗಿ ನೋಡಿರಲಿಲ್ಲ.

ಒಂಬತ್ತು ವರ್ಷದ ಪೆಟ್ರೋಲ್ ಕಾರು. ಎಳೆತ ಮುಂದಿನ ಚಕ್ರಗಳಿಗೆ. 6 ಗೇರಿನ, ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಓಡಿದ್ದು 1,38,000 ಕಿ.ಮೀ. ಗೇರ್‌ಬಾಕ್ಸ್ ಎಣ್ಣೆ ಒಂದು ಸಲವೂ ಬದಲಾಗಿಲ್ಲ. ಅದು ಯಜಮಾನರ ಅಸಡ್ಡೆಯಲ್ಲ; ಕೈಪಿಡಿಯಲ್ಲೇ ಅದಕ್ಕೆ ಅವಧಿ ಕೊಟ್ಟಿಲ್ಲ, ‘ಜೀವಮಾನಕ್ಕೆ ಸಾಕಾಗುವಷ್ಟು ತುಂಬಲಾಗಿದೆ’ ಎಂಬ ಧಾಟಿಯ ಒಂದು ಸಾಲಿದೆ ಅಷ್ಟೆ. ಕಾರು ಕಂಪನಿಗಳು ಹೀಗೆ ಬರೆಯುತ್ತವೆ. ಆದರೆ ಅನೇಕ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ. ಕಾರು ಮಾರಿದವರು ಒಂದು ಹೇಳಿ, ಬಾಕ್ಸ್ ಮಾಡಿದವರು ಇನ್ನೊಂದು ಹೇಳಿದರೆ ನಾನು ಬಾಕ್ಸ್ ಮಾಡಿದವರ ಮಾತನ್ನೇ ಕೇಳುತ್ತೇನೆ.

ದೂರು ಎರಡು. ಮೊದಲನೆಯದು, ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟು ಹೋಗುವಾಗ ಎರಡು ಮೂರು ಸೆಕೆಂಡ್ ಗಾಡಿ ನಡುಗುತ್ತದೆ, ರಸ್ತೆಗೆ ಅಡ್ಡ ಎಳೆದ ದಪ್ಪ ಪಟ್ಟಿಗಳ ಮೇಲೆ ಚಕ್ರ ಹತ್ತಿ ಇಳಿದ ಹಾಗೆ. ಎರಡನೆಯದು, ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ ತಿರುವು ತೆಗೆದುಕೊಂಡು ಪಿಕಪ್ ಕೊಟ್ಟರೆ 2ರಿಂದ 3ನೇ ಗೇರಿಗೆ ಹೋಗುವ ಹೊತ್ತಿನಲ್ಲಿ ಇಂಜಿನ್ ಸುಮ್ಮನೆ ಒಮ್ಮೆ ಅಬ್ಬರಿಸಿ, ಆಮೇಲೆ ಗೇರ್ ಹಿಡಿಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎರಡೂ ಇಲ್ಲ.

ಎರಡೂ ಒಂದೇ ರೋಗದ ಲಕ್ಷಣ ಎಂದುಕೊಂಡದ್ದು ಮೊದಲ ಇಬ್ಬರ ತಪ್ಪು. ಮೊದಲ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ಎಣ್ಣೆಯ ಕೆಲಸ

ಇಂಜಿನ್ ಆಯಿಲ್ ಮುಖ್ಯವಾಗಿ ಜಾರಿಸುವುದಕ್ಕೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಅದೊಂದೇ ಕೆಲಸವಲ್ಲ. ಟಾರ್ಕ್ ಕನ್ವರ್ಟರಿನ ಒಳಗೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಎಣ್ಣೆಯೇ. ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ಸಣ್ಣ ದಾರಿಗಳಲ್ಲಿ ಹರಿದು, ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಅದುಮಿ ಗೇರ್ ಬದಲಿಸುವುದೂ ಎಣ್ಣೆಯೇ. ಬಿಸಿಯನ್ನು ಕೂಲರ್‌ವರೆಗೆ ಹೊತ್ತು ಹಾಕುವುದೂ ಅದೇ. ಇದರ ಮೇಲೆ ಇನ್ನೊಂದು ವಿಚಿತ್ರ ಬೇಡಿಕೆ: ಬೇರಿಂಗು, ಗೇರು ಹಲ್ಲುಗಳಲ್ಲಿ ಜಾರಬೇಕು, ಕ್ಲಚ್ ಪ್ಲೇಟುಗಳ ನಡುವೆ ಹಿಡಿತ ಕೊಡಬೇಕು. ಒಂದೇ ದ್ರವ ಎರಡನ್ನೂ ಮಾಡಬೇಕೆಂದರೆ ಅದರಲ್ಲಿ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳನ್ನು ಬೆರೆಸಲೇಬೇಕು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಈ ಹದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ಆ ಪ್ರಾಣಿಯನ್ನು ಉಳಿಸುವ ಕಾನೂನು ಬಂದ ಮೇಲೆ ಬದಲಿ ಹುಡುಕಲು ಎಣ್ಣೆ ಕಂಪನಿಗಳು ಸಾಕಷ್ಟು ಬೆವರು ಸುರಿಸಿದವು. ಇಂದು ಡಬ್ಬಿಯಲ್ಲಿರುವುದು ಸಂಶ್ಲೇಷಿತ ಸಾಮಗ್ರಿ. ಅದೂ ಸವೆಯುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಸವೆಯುತ್ತದೆ: 10 ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಮ್ಮ ಕಸುಬಿನವರ ಕೈಲೆಕ್ಕ.

ಹಾಗಾಗಿ ಎಣ್ಣೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಮೂರು: ಎಷ್ಟಿದೆ, ಎಷ್ಟು ಬಿಸಿಯಾಗುತ್ತಿದೆ, ಹೇಗಿದೆ. ಇದೇ ಕ್ರಮದಲ್ಲಿ ಕೇಳಬೇಕು. ‘ಹೇಗಿದೆ’ ಎಂಬಲ್ಲಿಂದ ಶುರುಮಾಡಿದವರು ಸೀದಾ ಬದಲಿಸುವ ಕೆಲಸಕ್ಕೆ ಇಳಿಯುತ್ತಾರೆ, ಮೊದಲಿನ ಎರಡರ ಸಾಕ್ಷ್ಯ ಎಣ್ಣೆ ಇಳಿಸುವ ಟ್ರೇನಲ್ಲಿ ಹರಿದುಹೋಗುತ್ತದೆ.

‘ಲೆವೆಲ್ ಸರಿ ಇದೆ ಅಣ್ಣ’

ಮೊದಲು ಸ್ಕ್ಯಾನರ್ ಹಾಕಿ ನೋಡಿದೆ. ನೆನಪಿನಲ್ಲಿ ಒಂದೇ ಕೋಡ್, ಪಿ0741: ಟಾರ್ಕ್ ಕನ್ವರ್ಟರಿನ ಲಾಕ್-ಅಪ್ ಕ್ಲಚ್ (ಎಣ್ಣೆಯ ಮೂಲಕವಲ್ಲದೆ ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ ಕ್ಲಚ್) ಹೇಳಿದಂತೆ ಹಿಡಿಯುತ್ತಿಲ್ಲ ಎಂಬ ದೂರು. ಈ ಕೋಡ್ ನೋಡಿದ ಕೂಡಲೇ ಕನ್ವರ್ಟರ್ ಬದಲಿಸಲು ಹೊರಡುವವರಿದ್ದಾರೆ. ಕೋಡ್ ಹೇಳುವುದು ‘ಏನಾಗಿದೆ’ ಎಂದು ಮಾತ್ರ, ‘ಯಾಕೆ’ ಎಂದಲ್ಲ.

ಸ್ಕ್ಯಾನರ್ ಕೈಯಲ್ಲಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತೆ, ಯಜಮಾನರೇ ಓಡಿಸಿದರು. ನಲವತ್ತು ನಿಮಿಷದ ಟ್ರಾಫಿಕ್ಕಿನಲ್ಲಿ ಎಣ್ಣೆಯ ಬಿಸಿ 108 ಡಿಗ್ರಿ ತಲುಪಿತು. ಇಂಥ ಬಾಕ್ಸ್ 80ರಿಂದ 95ರ ನಡುವೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ; 108 ಅಂದರೆ ಏನೋ ಇದೆ. 65ರ ವೇಗದಲ್ಲಿ ನಡುಕ ಬಂದ ಕ್ಷಣದಲ್ಲಿ ಲಾಕ್-ಅಪ್ ಕ್ಲಚ್ಚಿನ ಜಾರುವಿಕೆ 0ಯಿಂದ 90 ಆರ್‌ಪಿಎಂವರೆಗೆ ಕುಣಿಯುತ್ತಿತ್ತು. ಕ್ಲಚ್ ಹಿಡಿದ ಮೇಲೆ ಆ ಅಂಕಿ ಒಂದು ಕಡೆ ಸ್ಥಿರವಾಗಿ ನಿಲ್ಲಬೇಕು.

ವಾಪಸ್ ಬಂದು ಗಾಡಿಯನ್ನು ಲಿಫ್ಟಿಗೆ ಏರಿಸಿದೆವು. ಈ ಬಾಕ್ಸಿಗೆ ಡಿಪ್‌ಸ್ಟಿಕ್, ಅಂದರೆ ಎಣ್ಣೆ ಅಳೆಯುವ ಕಡ್ಡಿ, ಇಲ್ಲ. ಬಾಕ್ಸಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಪ್ಯಾನಿನ ತಳದಲ್ಲಿ ಒಂದು ಬೋಲ್ಟ್, ಅದರ ಒಳಗೆ ನೆಟ್ಟಗೆ ನಿಂತ ಒಂದು ಪುಟ್ಟ ಕೊಳವೆ. ಬೋಲ್ಟ್ ಬಿಚ್ಚಿದರೆ ಕೊಳವೆಯ ಬಾಯಿಗಿಂತ ಮೇಲಿರುವ ಎಣ್ಣೆ ಮಾತ್ರ ಹೊರಗೆ ಬರುತ್ತದೆ. ನಾನು ಫೋನಿನಲ್ಲಿ ಮಾತಾಡುತ್ತಿದ್ದೆ, ಹುಡುಗ ಅವಸರದಲ್ಲಿ ಬೋಲ್ಟ್ ತೆಗೆದ. ಎಣ್ಣೆ ಸುರಿಯಿತು. ಕೂಡಲೇ ಮುಚ್ಚಿ, ‘ಲೆವೆಲ್ ಸರಿ ಇದೆ ಅಣ್ಣ, ಜಾಸ್ತಿನೇ ಇದೆ’ ಅಂದ.

ಇಂಜಿನ್ ಆಫ್ ಆಗಿತ್ತು.

ಇಂಜಿನ್ ನಿಂತಾಗ ಪಂಪ್ ನಿಲ್ಲುತ್ತದೆ. ಓಡುವಾಗ ಕನ್ವರ್ಟರಿನಲ್ಲಿ, ಕ್ಲಚ್ ದಾರಿಗಳಲ್ಲಿ, ಕೂಲರಿನಲ್ಲಿ ತುಂಬಿರುವ ಎಣ್ಣೆಯಲ್ಲಿ ಒಂದು ಪಾಲು ಪ್ಯಾನಿಗೆ ಇಳಿಯುತ್ತದೆ. ಆಗ ಕೊಳವೆಯ ಬಾಯಿಯ ಮೇಲೆ ಎಣ್ಣೆ ನಿಂತೇ ನಿಲ್ಲುತ್ತದೆ, ಬಾಕ್ಸಿನಲ್ಲಿ ಲೀಟರಿನಷ್ಟು ಕಡಿಮೆಯಿದ್ದರೂ. ಟ್ರೇಗೆ ಬಿದ್ದದ್ದನ್ನು ಅಳತೆ ಜಾರಿಗೆ ಸುರಿದೆ: 200 ಮಿ.ಲೀ. ಈಗ ಆ ಕೊರತೆಯೂ ನಮ್ಮ ಲೆಕ್ಕಕ್ಕೇ ಸೇರಿತು. ಹುಡುಗನನ್ನು ಬೈಯಲಿಲ್ಲ. ಹಿಂದಿನ ಗ್ಯಾರೇಜಿನವರ ಚೀಟಿಯಲ್ಲೂ ‘ಲೆವೆಲ್ ಓಕೆ’ ಎಂದೇ ಬರೆದಿತ್ತು, ಅವರೂ ಹೀಗೇ ನೋಡಿರಬೇಕು.

ಗಾಡಿಯನ್ನು ರಾತ್ರಿ ಶೆಡ್ಡಿನಲ್ಲೇ ಬಿಟ್ಟೆವು. ಮರುದಿನ ಬೆಳಿಗ್ಗೆ ನೆಲಕ್ಕೆ ಸಮನಾಗಿ ನಿಲ್ಲಿಸಿ ಇಂಜಿನ್ ಸ್ಟಾರ್ಟ್ ಮಾಡಿದಾಗ ಸ್ಕ್ಯಾನರಿನಲ್ಲಿ ಎಣ್ಣೆ 26 ಡಿಗ್ರಿ. ಬ್ರೇಕ್ ಅದುಮಿಟ್ಟು ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿ-ಗೆ ತಂದೆ. ಕ್ಲಚ್ ದಾರಿಗಳೆಲ್ಲ ಎಣ್ಣೆ ತುಂಬಿಕೊಳ್ಳಲಿ ಎಂದು. ಈ ಬಾಕ್ಸಿಗೆ ಲೆವೆಲ್ ನೋಡಬೇಕಾದ ಬಿಸಿ 35ರಿಂದ 45 ಡಿಗ್ರಿ. 38 ಆದಾಗ, ಇಂಜಿನ್ ಓಡುತ್ತಿರುವಂತೆಯೇ ಬೋಲ್ಟ್ ಬಿಚ್ಚಿದೆ. ಒಂದು ಹನಿಯೂ ಬೀಳಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಕೊಳವೆಯ ಒಳಗೋಡೆ ಒಣಗಿತ್ತು.

ಮೇಲಿನ ಫಿಲ್ಲರ್ ಬೋಲ್ಟಿನಿಂದ ಕೈಪಂಪಿನಲ್ಲಿ 100 ಮಿ.ಲೀ.ನಂತೆ ಹಾಕುತ್ತ ಹೋದೆವು. ಐನೂರು, ಆರುನೂರು, ಏನೂ ಇಲ್ಲ. 950ಕ್ಕೆ ಬಂದಾಗ ತಳದಿಂದ ದಾರದಂಥ ಒಂದು ಧಾರೆ ಇಳಿಯಿತು, ಸ್ವಲ್ಪ ಹೊತ್ತಿಗೆ ತುಂಡು ತುಂಡಾಗಿ ಹನಿಯಾಯಿತು. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿದಾಗ ಸ್ಕ್ಯಾನರ್ 43 ತೋರಿಸುತ್ತಿತ್ತು. ನಮ್ಮಿಂದ ಹೋದ 200 ಕಳೆದರೆ, ಗಾಡಿ ಬಂದಾಗಲೇ 750 ಮಿ.ಲೀ. ಕಡಿಮೆ. ಒಟ್ಟು ಹಿಡಿಯುವುದೇ 7 ಲೀಟರ್.

ಇಲ್ಲಿ ಬಿಸಿಯ ಲೆಕ್ಕ ಒಂದು ಮಾತು ಹೆಚ್ಚು ಬೇಡುತ್ತದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಡಿಗ್ರಿಗೆ ಶೇ. 0.07–0.08ರಷ್ಟು. ಕೇಳಲು ಏನೂ ಅಲ್ಲ. ಆದರೆ 40 ಡಿಗ್ರಿಯಲ್ಲಿ ನೋಡಬೇಕಾದ ಲೆವೆಲನ್ನು 90ರಲ್ಲಿ ನೋಡಿದರೆ 7 ಲೀಟರಿಗೆ ಕಾಲು ಲೀಟರಿಗೂ ಮಿಕ್ಕಿ ವ್ಯತ್ಯಾಸ. ಬಿಸಿ ಗಾಡಿಯಲ್ಲಿ ಬೋಲ್ಟ್ ಬಿಚ್ಚಿ ‘ಹೆಚ್ಚಾಗಿದ್ದು ಸುರಿದುಹೋಗಲಿ’ ಎಂದು ಬಿಟ್ಟವರು ಸರಿಯಾಗಿದ್ದ ಬಾಕ್ಸನ್ನು ಕೊರತೆಗೆ ತಳ್ಳುತ್ತಾರೆ. ತೀರ ತಣ್ಣಗಿದ್ದಾಗ ತುಂಬಿದವರು ಹೆಚ್ಚು ತುಂಬುತ್ತಾರೆ. ಆಗ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಅದರ ಮೇಲೇ ‘ಹಾಟ್’, ‘ಕೋಲ್ಡ್’ ಎಂದು ಎರಡು ಗುರುತು ಇರುವುದು ಇದಕ್ಕೇ.

ಸೋರಿಕೆಯಿಲ್ಲದ ಕಳವು

ಗೇರ್‌ಬಾಕ್ಸ್ ಇಂಜಿನ್ನಿನ ಹಾಗೆ ಎಣ್ಣೆ ಸುಡುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಂದಲೋ ಹೊರಗೆ ಹೋಗಿದೆ ಎಂದೇ ಅರ್ಥ. ಕೆಳಗಿನಿಂದ ಇಡೀ ಬಾಕ್ಸ್ ಒರೆಸಿ ನೋಡಿದೆ. ಪ್ಯಾನ್ ಗ್ಯಾಸ್ಕೆಟ್ ಒಣಗಿದೆ, ಕೂಲರ್ ಪೈಪಿನ ಜೋಡಣೆಗಳು ಒಣಗಿವೆ, ಬಾಕ್ಸಿನಿಂದ ಚಕ್ರಗಳಿಗೆ ಹೋಗುವ ಎರಡೂ ಡ್ರೈವ್ ಶಾಫ್ಟಿನ ಸೀಲ್ ಸುತ್ತ ಧೂಳಿದೆ, ಜಿಡ್ಡಿಲ್ಲ. ಎಣ್ಣೆ ಕೂಲರಿನ ಮೂಲಕ ಕೂಲೆಂಟಿಗೆ ಸೇರುತ್ತಿದೆಯೇ ಎಂದು ಅದರ ಡಬ್ಬಿ ತೆರೆದು ನೋಡಿದೆ, ಅಲ್ಲಿಯೂ ಜಿಡ್ಡಿನ ಪದರವಿಲ್ಲ. (ಇದರ ಉಲ್ಟಾ ಆದರೆ, ಅಂದರೆ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗಿದರೆ, ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟಿನ ಪದರವನ್ನು ಹಿಡಿದಿಟ್ಟ ಅಂಟು ಬಿಡುತ್ತದೆ. ಅಂಥ ಗಾಡಿಯನ್ನು ಮತ್ತೆ ಸ್ಟಾರ್ಟ್ ಕೂಡ ಮಾಡಬೇಡಿ.)

ಯಜಮಾನರು ಹಳೆಯ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದರು. ಇಂಥ ಗಿರಾಕಿಗಳು ಅಪರೂಪ. ಒಂದೊಂದೇ ತಿರುವಿ ನೋಡುವಾಗ ಎರಡು ವರ್ಷದ ಹಿಂದಿನದೊಂದು ಸಿಕ್ಕಿತು, 1,06,000 ಕಿ.ಮೀ.ನಲ್ಲಿ: ‘ಎಡ ಡ್ರೈವ್ ಶಾಫ್ಟ್ ಬೂಟ್ ಬದಲು’. ರಬ್ಬರ್ ಬೂಟು, ಗ್ರೀಸು, ಕ್ಲಿಪ್ಪು, ಕೂಲಿ. ಅಷ್ಟೇ.

‘ಸರ್, ಈ ಕೆಲಸ ಆದ ದಿನ ಗೇರ್‌ಬಾಕ್ಸ್ ಎಣ್ಣೆ ಏನಾದರೂ ಹಾಕಿದರೇ?’

‘ಇಲ್ವಲ್ಲ. ಅದು ಚಕ್ರದ ಕೆಲಸ ಅಲ್ವಾ?’

ಚಕ್ರದ ಕೆಲಸ ಹೌದು. ಆದರೆ ಶಾಫ್ಟಿನ ಇನ್ನೊಂದು ತುದಿ ಗೇರ್‌ಬಾಕ್ಸಿನ ಒಳಗಿದೆ. ಅದನ್ನು ಎಳೆದು ತೆಗೆದರೆ ಆ ತೂತಿನಿಂದ ಎಣ್ಣೆ ಹರಿಯುತ್ತದೆ. ಗಾಡಿ ಒಂದು ಕಡೆಗೆ ವಾಲಿದ್ದರೆ ಇನ್ನೂ ಹೆಚ್ಚು. ಮ್ಯಾನ್ಯುಯಲ್ ಆಗಲಿ ಆಟೋಮ್ಯಾಟಿಕ್ ಆಗಲಿ, ಶಾಫ್ಟ್ ವಾಪಸ್ ಹಾಕಿದ ಮೇಲೆ ಲೆವೆಲ್ ನೋಡಲೇಬೇಕು. ಬಿಲ್ಲಿನಲ್ಲಿ ಎಣ್ಣೆಯೇ ಇಲ್ಲ ಎಂದರೆ ಯಾರೂ ನೋಡಿಲ್ಲ. ಆ ಮುಕ್ಕಾಲು ಲೀಟರ್ ಒಂದು ಮಧ್ಯಾಹ್ನ ಯಾರದೋ ಟ್ರೇನಲ್ಲಿ ಉಳಿದುಹೋಗಿತ್ತು, ಗಾಡಿ ಆಮೇಲೆ 32,000 ಕಿ.ಮೀ. ಹಾಗೇ ಓಡಿತ್ತು. ಯಾವ ಗ್ಯಾರೇಜು ಎಂದು ಬರೆಯುವ ಅಗತ್ಯವಿಲ್ಲ. ಅವರ ಮುಂದೆ ಇದ್ದದ್ದು ಹರಿದ ರಬ್ಬರ್ ಬೂಟು, ಗೇರ್‌ಬಾಕ್ಸ್ ಅಲ್ಲ.

ಒಂದು ಸಲಕ್ಕೆ ಒಂದೇ

ಇಲ್ಲಿ ನನಗೆ ಆಸೆಯಾದದ್ದು ನಿಜ: ಹೇಗೂ ಲಿಫ್ಟಿನ ಮೇಲಿದೆ, ಎಣ್ಣೆ ಹಳೆಯದು, ಇವತ್ತೇ ಬದಲಿಸಿ ಕಳಿಸಿಬಿಡೋಣ. ಯಜಮಾನರೂ ಸಿದ್ಧರಿದ್ದರು. ಆದರೆ ಹಾಗೆ ಮಾಡಿದ್ದರೆ ಯಾವುದು ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುತ್ತಿರಲಿಲ್ಲ, ಸರಿಹೋಗದಿದ್ದರೆ ಮುಂದೆ ಎಲ್ಲಿ ಕೈಹಾಕಬೇಕು ಎಂದೂ ತಿಳಿಯುತ್ತಿರಲಿಲ್ಲ. ‘ಒಂದು ವಾರ ಹೀಗೇ ಓಡಿಸಿ ಸರ್. ನಡುಕ ಬಂದಾಗ, ಇಂಜಿನ್ ಅಬ್ಬರಿಸಿದಾಗ ಬರೆದಿಟ್ಟುಕೊಳ್ಳಿ’ ಎಂದು ಕಳಿಸಿದೆ.

ವಾರದ ನಂತರ ಅವರ ಚೀಟಿಯಲ್ಲಿ ನಡುಕ ಹನ್ನೊಂದು ಸಲ, ಅಬ್ಬರ ಒಂದೂ ಇಲ್ಲ. ಟ್ರಾಫಿಕ್ಕಿನಲ್ಲಿ ಬಿಸಿ 108ರಿಂದ 99ಕ್ಕೆ ಇಳಿದಿತ್ತು.

ಎರಡು ರೋಗಗಳು ಬೇರೆಯಾದವು. ತಿರುವಿನಲ್ಲಿ ಇಂಜಿನ್ ಅಬ್ಬರಿಸುತ್ತಿದ್ದದ್ದಕ್ಕೆ ಕಾರಣ ಎಣ್ಣೆಯ ಕೊರತೆ. ಗಾಡಿ ತಿರುಗಿದಾಗ ಪ್ಯಾನಿನ ಎಣ್ಣೆ ಒಂದು ಬದಿಗೆ ಸರಿಯುತ್ತದೆ, ಲೆವೆಲ್ ಕಡಿಮೆಯಿದ್ದರೆ ಪಂಪಿನ ಬಾಯಿ ಗಾಳಿ ಹೀರುತ್ತದೆ. ಎಣ್ಣೆಯನ್ನು ಅದುಮಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಬೆರೆತ ಎಣ್ಣೆಯಿಂದ 3ನೇ ಗೇರಿನ ಕ್ಲಚ್ಚನ್ನು ಅದುಮಲು ಹೋದರೆ ಒತ್ತಡ ತಡವಾಗಿ ಏರುತ್ತದೆ. ಆ ಅರೆಕ್ಷಣ ಇಂಜಿನ್ನಿಗೆ ಹೊರೆಯೇ ಇರುವುದಿಲ್ಲ, ಅಬ್ಬರಿಸುತ್ತದೆ. ಬ್ರೇಕ್ ಫ್ಲೂಯಿಡ್‌ನಲ್ಲಿ ಗಾಳಿ ಸೇರಿದಾಗ ಪೆಡಲ್ ಸ್ಪಂಜಿನಂತಾಗುವುದು ಎಲ್ಲರಿಗೂ ಗೊತ್ತು, ಇದೂ ಅದೇ. ಪ್ರತಿಸಲ ಹೀಗಾದಾಗ ಪ್ಲೇಟುಗಳು ಒಂದಿಷ್ಟು ಸುಡುತ್ತವೆ. ಎರಡು ವರ್ಷ ಸುಟ್ಟಿವೆ.

ನಡುಕ ಮಾತ್ರ ಎಣ್ಣೆಯ ಗುಣಕ್ಕೆ ಸೇರಿದ್ದು. ಪಿಟೀಲಿನ ಕಮಾನನ್ನು ನೆನಪಿಸಿಕೊಳ್ಳಿ. ರಾಳ ಸವರಿದ ಕಮಾನು ತಂತಿಯನ್ನು ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನಾದ ಹುಟ್ಟುವುದು ಹೀಗೆ. ಲಾಕ್-ಅಪ್ ಕ್ಲಚ್ಚಿನಲ್ಲಿ ನಮಗೆ ಈ ನಾದ ಬೇಡ. ಹೊಸ ಎಣ್ಣೆಯಲ್ಲಿ ಪ್ಲೇಟುಗಳ ಜಾರುವಿಕೆ ಕಡಿಮೆಯಾಗುತ್ತ ಬಂದಂತೆ ಘರ್ಷಣೆಯೂ ಮೆಲ್ಲಗೆ ಇಳಿಯುತ್ತದೆ, ಪ್ಲೇಟು ಸದ್ದಿಲ್ಲದೆ ಕೂರುತ್ತದೆ. ಹದ ಕಳೆದುಕೊಂಡ ಎಣ್ಣೆಯಲ್ಲಿ ಇದು ತಲೆಕೆಳಗು: ನಿಲ್ಲುವ ಹೊತ್ತಿಗೆ ಘರ್ಷಣೆ ಏರುತ್ತದೆ, ಪ್ಲೇಟು ಗಕ್ಕನೆ ಕಚ್ಚುತ್ತದೆ, ಬಿಡುತ್ತದೆ, ಸೆಕೆಂಡಿಗೆ ಹತ್ತಾರು ಸಲ. ತಣ್ಣಗಿರುವಾಗ ನಡುಕ ಇಲ್ಲದ್ದಕ್ಕೆ ಕಾರಣ ಸರಳ: ಆಗ ಗೇರ್‌ಬಾಕ್ಸ್ ಕಂಪ್ಯೂಟರ್ ಲಾಕ್-ಅಪ್ ಹಾಕುವುದೇ ಇಲ್ಲ.

ಮುಂದಿನ ಹೆಜ್ಜೆಯೂ ಎಣ್ಣೆ ಬದಲಾವಣೆಯಲ್ಲ. 99 ಇನ್ನೂ ಹೆಚ್ಚೇ. ಮುಂದಿನ ಬಂಪರ್ ಬಿಚ್ಚಿ ನೋಡಿದಾಗ ಏಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು, ನಾರು, ಸತ್ತ ಹುಳುಗಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಕೂಲರಿಗೆ ತಂಪು ಬರುವುದು ರೇಡಿಯೇಟರ್ ನೀರಿನಿಂದ. ರೇಡಿಯೇಟರಿಗೆ ಗಾಳಿ ಆಡದಿದ್ದರೆ ಗೇರ್‌ಬಾಕ್ಸ್ ಬೇಯುತ್ತದೆ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ, ರೆಕ್ಕೆಗಳು ಬಾಗದಂತೆ ತೊಳೆದೆವು. ಅದೇ ದಾರಿ, ಅದೇ ಹೊತ್ತು: 92. ಮೊದಲಿನ 108ಕ್ಕೆ ಹೋಲಿಸಿದರೆ 16 ಡಿಗ್ರಿ ಕಡಿಮೆ. ಕೈಲೆಕ್ಕದ ಪ್ರಕಾರ ಹೊಸ ಎಣ್ಣೆ ಹಾಕಿದರೆ ಅದು ಮೂರು ಪಟ್ಟು ನಿಧಾನವಾಗಿ ಕೆಡುತ್ತದೆ. ಹೊಸ ಎಣ್ಣೆ ಹಾಕುವ ಮೊದಲು ಅದಕ್ಕೆ ಇಷ್ಟು ಮಾಡಿಕೊಡುವುದು ನ್ಯಾಯ.

ಪ್ಯಾನ್ ಬಿಚ್ಚಿದ ದಿನ

ಡ್ರೈನ್ ಬೋಲ್ಟಿಗೆ ಕೈಹಾಕುವ ಮುಂಚೆ ಫಿಲ್ಲರ್ ಬೋಲ್ಟ್ ಬಿಚ್ಚುತ್ತದೆಯೇ ನೋಡಿ. ಎಣ್ಣೆ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಗಾಡಿ ಲಿಫ್ಟಿನ ಮೇಲೇ ಉಳಿಯುತ್ತದೆ. ನಾವು ವಾರದ ಹಿಂದೆಯೇ ಅದನ್ನು ಬಿಚ್ಚಿದ್ದರಿಂದ ಚಿಂತೆಯಿರಲಿಲ್ಲ.

ಇಳಿದದ್ದು 3 ಲೀಟರ್. ಮಿಕ್ಕ 4 ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಸಂದಿಗೊಂದಿಗಳಲ್ಲಿ. ಬಣ್ಣ ಕಡು ಕಂದು. ಎಣ್ಣೆಯ ಕೆಂಪು ಬರೀ ಬಣ್ಣ ಬೆರೆಸಿದ್ದು, ಇಂಜಿನ್ ಆಯಿಲಿಗಿಂತ ಬೇರೆ ಎಂದು ತೋರಿಸಲು. ಹಾಗಾಗಿ ಬಣ್ಣ ಮಾಸಿದ್ದರಿಂದಲೇ ಸತ್ತಿದೆ ಎನ್ನಲಾಗದು. ನಾನು ನಂಬುವುದು ಮೂಗನ್ನು. ಸುಟ್ಟ ಟೋಸ್ಟಿನ ವಾಸನೆ ಸಣ್ಣಗೆ ಇತ್ತು, ಮೂಗಿಗೆ ರಾಚುವಷ್ಟಿರಲಿಲ್ಲ. ಬಿಳಿ ಕಾಗದದ ಮೇಲೆ ಬಿಟ್ಟ ಹನಿ ನಡುವೆ ಕಪ್ಪಾಗಿ, ಸುತ್ತ ನಸುಗೆಂಪಾಗಿ ಹರಡಿತು.

ಪ್ಯಾನ್ ಇಳಿಸಿದಾಗ ಅದರ ತಳದ ಎರಡು ಆಯಸ್ಕಾಂತಗಳ ಮೇಲೆ ಬೂದು ಬಣ್ಣದ ಲೇಪ, ಸುಮಾರು 3 ಮಿ.ಮೀ. ದಪ್ಪ. ಇಡೀ ಪ್ರಕರಣದಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಈ ಗಳಿಗೆಯಲ್ಲಿ. ಲೇಪವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದೆ. ಬೆಣ್ಣೆಯಂತೆ ನುಣುಪು, ಬೆರಳಿಗೆ ಏನೂ ತಾಗಲಿಲ್ಲ. ಉಕ್ಕು ನುಣ್ಣಗೆ ಸವೆದ ಪುಡಿ ಅದು, ಒಂಬತ್ತು ವರ್ಷಕ್ಕೆ ಸಹಜ. ಬೆರಳಿಗೆ ಚುಚ್ಚುವ ಸಿಬಿರು ಸಿಕ್ಕಿದ್ದರೆ ಗೇರು ಹಲ್ಲೋ ಬೇರಿಂಗೋ ಒಡೆದಿದೆ ಎಂದರ್ಥ. ಆಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಕಂಡಿದ್ದರೆ ಬುಷ್ ಸವೆದಿದೆ ಎಂದರ್ಥ. ಎರಡೂ ಇರಲಿಲ್ಲ. ಪ್ಯಾನಿನ ಮೂಲೆಯಲ್ಲಿ ಕಪ್ಪು ಪುಡಿ ಇತ್ತು, ಕ್ಲಚ್ ಪ್ಲೇಟಿನದು, ನಿರೀಕ್ಷಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು. ಆ ಎರಡು ವರ್ಷಗಳ ಲೆಕ್ಕ ಅದು. ಯಜಮಾನರನ್ನು ಕರೆದು ಬೆರಳಿನಿಂದ ಮುಟ್ಟಿಸಿಯೇ ತೋರಿಸಿದೆ. ಇದನ್ನು ನೋಡಿದ ಮೇಲೆ ಓವರ್‌ಹಾಲ್ ಮಾತು ಅಲ್ಲಿಗೇ ಮುಗಿಯಿತು.

ಫಿಲ್ಟರ್ ಹೊಸದು, ಗ್ಯಾಸ್ಕೆಟ್ ಹೊಸದು. ಪ್ಯಾನ್ ಬೋಲ್ಟುಗಳು ಸಣ್ಣವು, ಟಾರ್ಕ್ ರೆಂಚಿನಲ್ಲಿ ಕೊಟ್ಟಷ್ಟೇ ಬಿಗಿಯಬೇಕು. ಕೈಬಲ ತೋರಿಸಿದರೆ ಪ್ಯಾನಿನ ಅಂಚು ಸೊಟ್ಟಾಗಿ ಮುಂದಿನ ಸೋರಿಕೆಗೆ ನಾವೇ ಜಾಗ ಮಾಡಿಕೊಟ್ಟಂತೆ.

ಎಣ್ಣೆ ಆರಿಸುವಾಗ ನೋಡಬೇಕಾದದ್ದು ಬ್ರ್ಯಾಂಡ್ ಅಲ್ಲ, ಬಾಕ್ಸಿಗೆ ಬರೆದ ಸ್ಪೆಸಿಫಿಕೇಶನ್. ಉದಾಹರಣೆಗೆ ಜನರಲ್ ಮೋಟಾರ್ಸ್‌ನ ಹಳೆಯ ಡೆಕ್ಸ್‌ರಾನ್-3 ಎಣ್ಣೆ 100 ಡಿಗ್ರಿಯಲ್ಲಿ ಸುಮಾರು 7.5 ಸೆಂಟಿಸ್ಟೋಕ್ ದಪ್ಪವಿದ್ದರೆ, 2005ರಲ್ಲಿ ಬಂದ ಡೆಕ್ಸ್‌ರಾನ್-6ಕ್ಕೆ ಮಿತಿ 6.4. ಎರಡೂ ಕೆಂಪೇ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ. ತೆಳು ಎಣ್ಣೆಗೆಂದು ಲೆಕ್ಕ ಹಾಕಿದ ಸೊಲೆನಾಯ್ಡಿಗೆ (ಎಣ್ಣೆಯ ಹರಿವನ್ನು ಹಿಡಿದು ಬಿಡುವ ವಿದ್ಯುತ್ ವಾಲ್ವಿಗೆ) ದಪ್ಪ ಎಣ್ಣೆ ಕೊಟ್ಟರೆ ಕ್ಲಚ್ ತುಂಬುವ ಹೊತ್ತೇ ಬದಲಾಗುತ್ತದೆ. ಗೇರುಗಳ ಬದಲು ಬೆಲ್ಟು, ಪುಲ್ಲಿ ಇರುವ ಸಿವಿಟಿ ಬಾಕ್ಸಿಗೆ ಮಾಮೂಲಿ ಆಟೋಮ್ಯಾಟಿಕ್ ಎಣ್ಣೆ ಹಾಕುವುದಂತೂ ಕೊಲೆ. ಅಲ್ಲಿ ಉಕ್ಕಿನ ಬೆಲ್ಟು ಉಕ್ಕಿನ ಪುಲ್ಲಿಯನ್ನು ಹಿಡಿಯಬೇಕು, ಅದರ ಎಣ್ಣೆಯ ರಸಾಯನವೇ ಬೇರೆ.

3 ಲೀಟರ್ ಹೊಸದು ಹಾಕಿದರೆ ಬಾಕ್ಸಿನಲ್ಲಿ ಶೇ. 43 ಹೊಸ ಎಣ್ಣೆ. ಸಾವಿರ ಕಿ.ಮೀ. ಓಡಿಸಿ ಮತ್ತೆ 3 ಲೀಟರ್ ಇಳಿಸಿ ತುಂಬಿದರೆ ಶೇ. 67. ಮೂರನೇ ಸಲ ಶೇ. 81. ನಾಲ್ಕನೆಯದಕ್ಕೆ ಸಿಗುವ ಲಾಭ ಎಣ್ಣೆಯ ಖರ್ಚಿಗೆ ತೂಗುವುದಿಲ್ಲ. ಮೂರು ಸಲ ಎಂದು ನಿರ್ಧರಿಸಿದೆವು.

‘ಮಷೀನಲ್ಲಿ ಒಂದೇ ಸಲಕ್ಕೆ ಆಗುತ್ತಲ್ಲ?’ ಎಂದು ಯಜಮಾನರು ಕೇಳಿದರು. ಆಗುತ್ತದೆ. ಕೂಲರ್ ಪೈಪಿಗೆ ಜೋಡಿಸಿ, ಗೇರ್‌ಬಾಕ್ಸಿನ ಪಂಪಿನಿಂದಲೇ ಹಳೆಯದು ಹೊರಗೆ ಹೋದಷ್ಟು ಹೊಸದನ್ನು ಒಳಗೆ ಬಿಡುವ ಮಷೀನಿನ ಮೇಲೆ ನನಗೆ ದ್ವೇಷವಿಲ್ಲ. ಒತ್ತಡ ಹಾಕಿ, ಕ್ಲೀನರ್ ಬೆರೆಸಿ, ಉಲ್ಟಾ ದಿಕ್ಕಿನಲ್ಲಿ ತೊಳೆಯುವುದನ್ನು ಮಾತ್ರ ನಾನು ಮಾಡುವುದಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತ ಕೊಳೆ ಎದ್ದು ವಾಲ್ವ್ ಬಾಡಿಯ ಸೂಜಿಗಾತ್ರದ ದಾರಿಗೆ ಹೋಗಿ ಕೂತರೆ ತೆಗೆಯುವವರು ಯಾರು? ಅದಕ್ಕಿಂತ ಮುಖ್ಯವಾಗಿ, ಮಷೀನು ಆಯಸ್ಕಾಂತವನ್ನು ತೋರಿಸುವುದಿಲ್ಲ.

‘ಮುಟ್ಟಿದರೆ ಕೂತುಬಿಡುತ್ತೆ’ ಎಂಬ ಸ್ನೇಹಿತರ ಮಾತಿನಲ್ಲಿ ಒಂದು ಹನಿ ಸತ್ಯವಿದೆ. ಪ್ಲೇಟು ಪೂರ್ತಿ ಸವೆದ ಬಾಕ್ಸಿನಲ್ಲಿ ಎಣ್ಣೆಯಲ್ಲಿ ತೇಲುವ ಪ್ಲೇಟಿನ ಪುಡಿಯೇ ಕೊನೆಗಾಲದ ಹಿಡಿತ. ಅದನ್ನು ಇಳಿಸಿಬಿಟ್ಟರೆ ನಾಳೆ ನಿಲ್ಲಬೇಕಾದ ಗಾಡಿ ಇವತ್ತೇ ನಿಲ್ಲಬಹುದು. ಆದರೆ ಜನ ಎಣ್ಣೆ ಬದಲಿಸಲು ಬರುವುದೇ ಗೇರ್ ಜಾರಲು ಶುರುವಾದ ಮೇಲೆ. ಆಸ್ಪತ್ರೆಗೆ ಸೇರಿದವರೇ ಹೆಚ್ಚು ಸಾಯುತ್ತಾರೆ ಎಂದು ಆಸ್ಪತ್ರೆಯನ್ನು ದೂರಿದ ಹಾಗಾಯಿತು ಇದು.

ನನ್ನ ಎರಡನೆಯ ತಪ್ಪು

ಮೊದಲ ಬದಲಾವಣೆ ಮುಗಿದ ಕೂಡಲೇ ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸಿನ ಕಲಿಕೆಯನ್ನು ಅಳಿಸಿದೆ. ಪ್ಲೇಟು ಸವೆದಂತೆ, ಎಣ್ಣೆ ಹಳತಾದಂತೆ ಪ್ರತಿ ಕ್ಲಚ್ಚಿಗೆ ಎಷ್ಟು ಎಣ್ಣೆ, ಎಷ್ಟು ಹೊತ್ತು ಬೇಕು ಎಂದು ಕಂಪ್ಯೂಟರ್ ವರ್ಷಗಟ್ಟಲೆ ಕಲಿತಿರುತ್ತದೆ. ಹೊಸ ಎಣ್ಣೆಗೆ ಹೊಸ ಕಲಿಕೆ ಬೇಕು, ಸರಿ. ಆದರೆ ಒಳಗಿದ್ದದ್ದು ಇನ್ನೂ ಶೇ. 57 ಹಳೆಯ ಎಣ್ಣೆ. ಮೇಲೆ, ಅಳಿಸಿದ ಗಾಡಿಯನ್ನು ಕಲಿಕೆಯ ಓಟಕ್ಕೆ ಕರೆದೊಯ್ಯದೆ ಸಂಜೆಯ ಟ್ರಾಫಿಕ್ಕಿಗೆ ಕಳಿಸಿಬಿಟ್ಟೆ. ಮೂರು ದಿನ 3ರಿಂದ 4ಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ಯಜಮಾನರ ಫೋನು: ‘ಮೊದಲೇ ಚೆನ್ನಾಗಿತ್ತು ಕಣ್ರೀ.’

ಎರಡನೆಯ ಬದಲಾವಣೆಯ ನಂತರ ಸರಿಯಾಗಿ ಮಾಡಿದೆ. ಎಣ್ಣೆ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಹಗುರ, ಒಂದೇ ಸಮನಾದ ಪೆಡಲ್ಲಿನಲ್ಲಿ 1ರಿಂದ 6ರವರೆಗೆ ಏರಿ, ಬ್ರೇಕ್ ಮೃದುವಾಗಿ ಹಾಕಿ ನಿಲ್ಲಿಸಿ, ಹೀಗೆ ಹತ್ತು ಹನ್ನೆರಡು ಸಲ. ಜರ್ಕ್ ಹೋಯಿತು. ನಡುಕವೂ ಅಷ್ಟು ಹೊತ್ತಿಗೆ ಹೋಗಿತ್ತು: ಮೊದಲ ಬದಲಾವಣೆಗೆ ಅರ್ಧಕ್ಕಿಂತ ಕಡಿಮೆಯಾಗಿ, ಎರಡನೆಯದರ ನಂತರ ಸುಮಾರು 400 ಕಿ.ಮೀ. ಓಡುವಷ್ಟರಲ್ಲಿ ನಿಂತಿತು.

ಪೆಡಲ್ ಹಿಂದಿನ ಕಾಲು

ಯಜಮಾನರ ಪಕ್ಕ ಕೂತು ಹೋದಾಗ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಏರಿನಲ್ಲಿ ಸಾಲು ನಿಂತಾಗ ಅವರು ಬ್ರೇಕ್ ಹಿಡಿಯುವುದಿಲ್ಲ. ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ, ಗಾಡಿ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ತೂಗುವಂತೆ ನಿಲ್ಲಿಸುತ್ತಾರೆ. ಮ್ಯಾನ್ಯುಯಲ್ ಓಡಿಸಿದ ಕಾಲದ ಕೌಶಲ, ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ. ಆಗ ಚಕ್ರ ತಿರುಗುತ್ತಿಲ್ಲ, ಆದ್ದರಿಂದ ಇಂಜಿನ್ ಕೊಡುವ ಶಕ್ತಿಯಷ್ಟೂ ಕನ್ವರ್ಟರಿನಲ್ಲಿ ಎಣ್ಣೆ ಕಡೆಯಲು ಹೋಗುತ್ತದೆ. 1,500 ಆರ್‌ಪಿಎಂನಲ್ಲಿ 50 ನ್ಯೂಟನ್ ಮೀಟರ್ ಎಂದು ಹಿಡಿದರೂ ಸುಮಾರು 8 ಕಿಲೋವ್ಯಾಟ್. ಅರ್ಧ ನಿಮಿಷ ಹಾಗೆ ನಿಂತರೆ, ಕೂಲರ್ ಏನನ್ನೂ ಹೊರಹಾಕದಿದ್ದರೆ, 7 ಲೀಟರ್ ಎಣ್ಣೆಯೂ 20 ಡಿಗ್ರಿ ಏರುವಷ್ಟು ಬಿಸಿ. ಕನ್ವರ್ಟರಿನ ಒಳಗಿನ ಎಣ್ಣೆಗೆ ಅದಕ್ಕಿಂತ ಹೆಚ್ಚು ತಾಗುತ್ತದೆ. ಕಾಗದದ ಮೇಲೆ ಈ ಲೆಕ್ಕ ಬರೆದು ತೋರಿಸಿದೆ. ಅವರು ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಬೇರೆ ಮಾತು ಬೇಕಾಗಲಿಲ್ಲ.

ಮಿಕ್ಕವು ಸಣ್ಣವು. ಗಾಡಿ ಹಿಂದಕ್ಕೆ ಉರುಳುತ್ತಿರುವಾಗಲೇ ಆರ್‌ನಿಂದ ಡಿ-ಗೆ ಎಳೆಯುವುದು: ಬ್ರೇಕಿನ ಕೆಲಸವನ್ನು ಕ್ಲಚ್ ಪ್ಲೇಟಿನಿಂದ ಮಾಡಿಸಿದಂತೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಪಿ-ಗೆ ಬಿಡುವುದು: ಇಡೀ ಗಾಡಿಯ ಭಾರ ಬೆರಳಿನಷ್ಟು ದೊಡ್ಡ ಒಂದು ಕೊಕ್ಕೆಯ ಮೇಲೆ. ಕೆಟ್ಟಾಗ ಮುಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಸುವುದು: ಇಂಜಿನ್ ನಿಂತಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ಒಳಗೆ ತಿರುಗುವ ಭಾಗಗಳಿಗೆ ಎಣ್ಣೆ ಇಲ್ಲ. ಸಿಗ್ನಲಿನಲ್ಲಿ ಪ್ರತಿಸಲ ಎನ್-ಗೆ ಹಾಕಬೇಕೆ ಎಂದು ಕೇಳಿದರು. ಒಂದು ನಿಮಿಷದ ಸಿಗ್ನಲಿಗೆ ನಾನಂತೂ ಹಾಕುವುದಿಲ್ಲ, ಬ್ರೇಕ್ ಹಿಡಿದು ಡಿ-ಯಲ್ಲೇ ಇರುತ್ತೇನೆ.

ಆರು ತಿಂಗಳ ನಂತರ

ಮೂರನೆಯ ಬದಲಾವಣೆಯಾಗಿ ಆರು ತಿಂಗಳು, 9,000 ಕಿ.ಮೀ. ಆದ ಮೇಲೆ ಗಾಡಿ ಮತ್ತೆ ಬಂತು. ಕೋಡ್ ಇಲ್ಲ. ಟ್ರಾಫಿಕ್ಕಿನಲ್ಲಿ ಬಿಸಿ 88–91. ಲಾಕ್-ಅಪ್ ಜಾರುವಿಕೆ 5ರಿಂದ 15 ಆರ್‌ಪಿಎಂ ನಡುವೆ, ಸ್ಥಿರ. 40 ಡಿಗ್ರಿಯಲ್ಲಿ, ಇಂಜಿನ್ ಓಡುತ್ತಿರುವಾಗ ಹುಡುಗನೇ ಬೋಲ್ಟ್ ಬಿಚ್ಚಿದ. ನಾಲ್ಕು ಹನಿ ಬಿದ್ದು ನಿಂತಿತು. ಈ ಸಲ ಅವನು ಏನೂ ಹೇಳದೆ ಸ್ಕ್ಯಾನರನ್ನು ನನ್ನ ಕಡೆ ತಿರುಗಿಸಿ ತೋರಿಸಿದ.

ಎಲ್ಲವೂ ಹೊಸದರಂತಾಗಿಲ್ಲ. ಬೇಸಿಗೆಯ ಮಧ್ಯಾಹ್ನ, ಉದ್ದ ಏರಿನಲ್ಲಿ, ಪೆಡಲ್ ಬಲವಾಗಿ ಒತ್ತಿದಾಗ 2ರಿಂದ 3ಕ್ಕೆ ಹೋಗುವಲ್ಲಿ ಇಂಜಿನ್ ಈಗಲೂ ಒಂದು ನೂರು ಆರ್‌ಪಿಎಂ ಮೇಲೇಳುತ್ತದೆ. ಸ್ಕ್ಯಾನರಿನಲ್ಲಿ ಕಾಣುತ್ತದೆ, ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಸುಟ್ಟುಹೋದ ಪ್ಲೇಟನ್ನು ಯಾವ ಎಣ್ಣೆಯೂ ವಾಪಸ್ ಬೆಳೆಸುವುದಿಲ್ಲ ಎಂದು ಯಜಮಾನರಿಗೆ ಮೊದಲೇ ಹೇಳಿದ್ದೆ. ಮುಂದಿನ ಬದಲಾವಣೆ 40,000 ಕಿ.ಮೀ.ಗೆ ಎಂದು ಗೊತ್ತುಮಾಡಿದೆವು, ನಡುವೆ ವರ್ಷಕ್ಕೊಮ್ಮೆ ಲೆವೆಲ್ ನೋಡುವುದು. ಅವರು ಫೈಲಿನಿಂದ ಡ್ರೈವ್ ಶಾಫ್ಟಿನ ಆ ಹಳೆಯ ಬಿಲ್ಲನ್ನು ತೆಗೆದು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ‘750 ಮಿ.ಲೀ. ಬಾಕಿ, ಸಂದಾಯವಾಗಿದೆ’ ಎಂದು ಬರೆದು, ಮಡಚಿ ಮತ್ತೆ ಅದೇ ಜಾಗದಲ್ಲಿ ಇಟ್ಟರು.